ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಏಳುತ್ತಿಲ್ಲ

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಮೊನ್ನೆ ರಾತ್ರಿ ಕೆಲಸ ಮುಗಿಸಿದಾಗ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ತಯಾರಕರ ಲಾಂಛನ ಬರುತ್ತದೆ, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತವೆ, ತೆರೆ ಕಪ್ಪಾಗಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಫಾರ್ಮ್ಯಾಟ್ ಮಾಡದೆ ಗತ್ಯಂತರವಿಲ್ಲ ಎಂದು ರಿಪೇರಿಯವರು ಹೇಳುತ್ತಾರೆ. ಎರಡು ವರ್ಷದ ಫೋಟೊಗಳೂ ಮಗಳ ಪ್ರಾಜೆಕ್ಟ್ ವರದಿಯೂ ಅದರಲ್ಲೇ ಇವೆ. ಬ್ಯಾಕಪ್ ಇಲ್ಲ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್‌ಗೆ ಸದ್ಯಕ್ಕೆ ಒಪ್ಪಬೇಡಿ. ಲಾಂಛನ ಮೂಡಿ ಚುಕ್ಕಿಗಳು ಸುತ್ತುತ್ತಿವೆ ಎಂದರೆ ಯಂತ್ರಕ್ಕೆ ವಿದ್ಯುತ್ ಸರಿಯಾಗಿ ಸಿಗುತ್ತಿದೆ, ಡಿಸ್ಕ್ ಅದಕ್ಕೆ ಕಾಣುತ್ತಿದೆ, ವಿಂಡೋಸ್ ಮಾತ್ರ ಅರ್ಧ ದಾರಿಯಲ್ಲಿ ಮುಗ್ಗರಿಸುತ್ತಿದೆ ಎಂದೇ ಹೆಚ್ಚಾಗಿ ಅರ್ಥ. ಅಪ್‌ಡೇಟ್ ಕೈ ಹಾಕುವುದು ವ್ಯವಸ್ಥೆಯ ಕಡತಗಳಿಗೆ ಮತ್ತು ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರ್‌ ತಂತ್ರಾಂಶಗಳಿಗೆ. ನಿಮ್ಮ ಫೋಟೊಗಳಿಗೆ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಬಂದು ನಿಂತಾಗಲೂ, ಅವುಗಳನ್ನು ಎಬ್ಬಿಸಲು ಸೂಚಿಸಲಾದ ಮದ್ದು ವಿಂಡೋಸ್ ತೀರ ಅಗತ್ಯವಾದಷ್ಟರಿಂದಲೇ ಏಳುವ ಸೇಫ್ ಮೋಡ್‌ಗೆ ಹೋಗಿ ಕೆಟ್ಟ ಕಡತವೊಂದನ್ನು ಅಳಿಸುವುದಾಗಿತ್ತೇ ಹೊರತು ಡಿಸ್ಕ್ ಒರೆಸುವುದಾಗಿರಲಿಲ್ಲ.

ಮೊದಲು ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲವನ್ನೂ ತೆಗೆದು, ಚಾರ್ಜರ್ ಮಾತ್ರ ಹಾಕಿಟ್ಟು ಒಮ್ಮೆ ಪ್ರಯತ್ನಿಸಿ. ಆಗಲೂ ಏಳದಿದ್ದರೆ, ಚುಕ್ಕಿಗಳು ಕಾಣಿಸಿಕೊಂಡ ಕೂಡಲೇ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಬಾರಿ ಮಾಡಿದರೆ, ತಾನು ಏಳಲಾಗುತ್ತಿಲ್ಲವೆಂಬುದನ್ನು ವಿಂಡೋಸ್ ತಾನೇ ಗ್ರಹಿಸಿ ರಿಕವರಿ ತೆರೆಯನ್ನು ತೋರಿಸುತ್ತದೆ. ಉಳಿದ ಹೊತ್ತಿನಲ್ಲಿ ಹೀಗೆ ಬಲವಂತವಾಗಿ ಆಫ್ ಮಾಡುವುದು ಕೆಟ್ಟ ಅಭ್ಯಾಸ, ಆದರೆ ಇಲ್ಲಿ ಒಳಹೋಗುವ ದಾರಿಯೇ ಅದು. ಅದೂ ಬಾರದಿದ್ದರೆ ಬೇರೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಎಂಬ ತಂತ್ರಾಂಶ ಬಳಸಿ, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ತುಂಬಿಸಿಕೊಂಡು, ಅದರಿಂದ ಲ್ಯಾಪ್‌ಟಾಪನ್ನು ಬೂಟ್ ಮಾಡಿ, ‘ಇನ್‌ಸ್ಟಾಲ್’ ಬದಲು ‘ರಿಪೇರ್’ ಆಯ್ಕೆಯನ್ನು ಹಿಡಿಯಿರಿ.

ರಿಕವರಿ ತೆರೆ ಸಿಕ್ಕ ಮೇಲೆ ನಾನಾಗಿದ್ದರೆ ರಿಪೇರಿಗೆ ಮುನ್ನ ಕಡತಗಳನ್ನು ಹೊರತೆಗೆಯುತ್ತಿದ್ದೆ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಕಮಾಂಡ್ ಪ್ರಾಂಪ್ಟ್’ ಎಂದು ಒಳಹೋಗಿ, ಕಪ್ಪು ಕಿಟಕಿಯಲ್ಲಿ ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ನೋಟ್‌ಪ್ಯಾಡ್‌ನಲ್ಲಿ ‘ಫೈಲ್’, ‘ಓಪನ್’ ಆರಿಸಿ, ಕೆಳಗೆ ‘ಆಲ್ ಫೈಲ್ಸ್’ ಮಾಡಿದರೆ, ಆ ಪುಟ್ಟ ಚೌಕದಲ್ಲೇ ನಿಮ್ಮ ಡ್ರೈವ್‌ಗಳು ಕಾಣುತ್ತವೆ. ಫೋಲ್ಡರ್ ಮೇಲೆ ಬಲಕ್ಲಿಕ್ ಮಾಡಿ ಕಾಪಿ ತೆಗೆದು, ಈಗ ಮತ್ತೆ ಸಿಕ್ಕಿಸಿದ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಪೇಸ್ಟ್ ಮಾಡಬಹುದು. ಇಲ್ಲಿ ಸಿ ಡ್ರೈವ್‌ಗೆ ಡಿ ಎಂದೋ ಇ ಎಂದೋ ಹೆಸರು ಬಂದಿರಬಹುದು, ಆದ್ದರಿಂದ ಅಕ್ಷರ ನೋಡದೆ ‘ಯೂಸರ್ಸ್’ ಫೋಲ್ಡರ್ ಎಲ್ಲಿದೆಯೆಂದು ಹುಡುಕಿ. ದೊಡ್ಡ ಫೋಲ್ಡರ್ ನಕಲಾಗುವಾಗ ಎಷ್ಟು ಮುಗಿಯಿತೆಂಬ ಪಟ್ಟಿ ಕಾಣದೆ, ಕಿಟಕಿ ಸತ್ತಂತೆ ನಿಂತಿರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ.

ಇನ್ನು ರಿಪೇರಿ. ‘ಸ್ಟಾರ್ಟ್‌ಅಪ್ ರಿಪೇರ್’ ಒಮ್ಮೆ ಓಡಿಸಿ ನೋಡಿ, ಆದರೆ ಬಹಳ ನೆಚ್ಚಬೇಡಿ. ನಿಮ್ಮ ಸಂದರ್ಭಕ್ಕೆ ನೇರವಾಗಿ ಹೊಂದುವುದು ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಅದರೊಳಗೆ ಎರಡು ಆಯ್ಕೆಗಳಿವೆ: ತಿಂಗಳು ತಿಂಗಳು ಬರುವ ಕ್ವಾಲಿಟಿ ಅಪ್‌ಡೇಟನ್ನು ತೆಗೆಯುವುದು, ವರ್ಷಕ್ಕೊಮ್ಮೆ ಬರುವ ಫೀಚರ್ ಅಪ್‌ಡೇಟನ್ನು ತೆಗೆಯುವುದು. ಮೊದಲನೆಯದನ್ನು ಮೊದಲು ಮಾಡಿ. ಎರಡನೆಯದಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವಿದೆ, ಆಮೇಲೆ ಹಳೆಯ ವಿಂಡೋಸ್‌ನ ಕಡತಗಳು ಅಳಿಸಿಹೋಗುತ್ತವೆ. ಮೊನ್ನೆಯಷ್ಟೇ ಅಪ್‌ಡೇಟ್ ಆದ ನಿಮಗೆ ಸಮಯವಿದೆ, ಆದರೂ ಲ್ಯಾಪ್‌ಟಾಪನ್ನು ಮೂಲೆಯಲ್ಲಿಟ್ಟು ವಾರಗಟ್ಟಲೆ ಯೋಚಿಸುತ್ತ ಕೂರಬೇಡಿ. ಎರಡರಿಂದಲೂ ಆಗದಿದ್ದರೆ ವಿಂಡೋಸನ್ನು ಹಿಂದಿನ ದಿನವೊಂದರ ಸ್ಥಿತಿಗೆ ಒಯ್ಯುವ ‘ಸಿಸ್ಟಮ್ ರಿಸ್ಟೋರ್’, ಅದೂ ಕೈಕೊಟ್ಟರೆ ‘ರಿಸೆಟ್ ದಿಸ್ ಪಿಸಿ’ ಅಡಿಯಲ್ಲಿ ‘ಕೀಪ್ ಮೈ ಫೈಲ್ಸ್’. ಇದರಲ್ಲಿ ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಕಡತಗಳು ಉಳಿಯುತ್ತವೆ.

ಯಂತ್ರ ಎದ್ದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯಿರಿ, ಇಲ್ಲವಾದರೆ ಈಗಷ್ಟೇ ಕಿತ್ತೆಸೆದದ್ದು ತಾನಾಗಿಯೇ ಮತ್ತೆ ಇಳಿದು ಬರುತ್ತದೆ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ನನ್ನ ಕಂಪ್ಯೂಟರ್ 48 ಅಂಕಿಗಳ ‘ಬಿಟ್‌ಲಾಕರ್ ರಿಕವರಿ ಕೀ’ ಕೇಳುತ್ತಿದೆ. ನಾನು ಅಂಥದ್ದೇನನ್ನೂ ಹಾಕಿರಲಿಲ್ಲ.

ಉತ್ತರ: ಬಿಟ್‌ಲಾಕರ್ ಎಂದರೆ ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದಂತೆ ವಿಂಡೋಸ್ ಹಾಕುವ ಬೀಗ. ನೀವು ಹಾಕದಿದ್ದರೂ ಅದು ಬಿದ್ದಿರುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಬಾರಿ ಲಾಗಿನ್ ಆದಾಗಲೇ ಎಷ್ಟೋ ಸಲ ಡಿಸ್ಕ್‌ಗೆ ಬೀಗ ಬಿದ್ದು, ಕೀ ಆ ಖಾತೆಯಲ್ಲಿ ಸೇರಿಕೊಂಡಿರುತ್ತದೆ. ಫೋನ್‌ನ ಬ್ರೌಸರ್‌ನಿಂದ ಅದೇ ಖಾತೆಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಕೀಗಳು ಕಂಡರೆ, ಕಂಪ್ಯೂಟರ್ ತೆರೆಯಲ್ಲಿರುವ ‘ಕೀ ಐಡಿ’ಯ ಮೊದಲ 8 ಅಕ್ಷರಗಳು ಯಾವುದಕ್ಕೆ ತಾಳೆಯಾಗುತ್ತವೆಯೋ ಅದೇ ನಿಮ್ಮದು. ಕಚೇರಿಯ ಅಥವಾ ಕಾಲೇಜಿನ ಖಾತೆಯಾದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಿ. ಕೀ ಎಲ್ಲಿಯೂ ಸಿಗದಿದ್ದರೆ ಆ ಡಿಸ್ಕ್‌ನಲ್ಲಿರುವುದನ್ನು ಓದಲು ಮೈಕ್ರೋಸಾಫ್ಟ್‌ನವರಿಗೂ ಸಾಧ್ಯವಿಲ್ಲ, ಆಗ ಮಾತ್ರ ಫಾರ್ಮ್ಯಾಟ್ ಅನಿವಾರ್ಯ.