ನಿಂತಲ್ಲೇ ನಡುಗುವ ಹಳೇ ಕಾರು

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರು ನಿಂತಾಗ ಗಡಗಡ ನಡುಗುತ್ತದೆ. ಎಂಜಿನ್‌ನಿಂದ ಆಯಿಲ್ ಕೂಡ ತೊಟ್ಟಿಕ್ಕುತ್ತಿದೆ. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ: ಇರಬಹುದು. ಎಂಜಿನ್ ತಣ್ಣಗಾದ ಮೇಲೆ ಇಗ್ನಿಷನ್ ಕಾಯಿಲ್‌ಗಳನ್ನು (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗಗಳು) ಕಳಚಿ, ಸ್ಪಾರ್ಕ್ ಪ್ಲಗ್ ಕೂರುವ ಗುಳಿಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಮುಚ್ಚಳದಡಿಯ ಸೀಲ್) ಅಥವಾ ಪ್ಲಗ್ ಗುಳಿಯ ಸುತ್ತಲಿನ ಟ್ಯೂಬ್ ಸೀಲ್ ಹಳತಾಗಿ ಗಡುಸಾಗಿದೆ, ಅದರಿಂದ ಸೋರುತ್ತಿದೆ ಎಂದರ್ಥ. ಆ ಆಯಿಲ್ ಕಾಯಿಲ್‌ನ ರಬ್ಬರನ್ನು ಕೆಡಿಸುತ್ತದೆ, ಕಿಡಿ ದಾರಿ ತಪ್ಪಿ ಸಿಲಿಂಡರ್ ಮಿಸ್ ಹೊಡೆಯುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ನಡುಗುತ್ತದೆ. ಪ್ಲಗ್ ಬಿಚ್ಚುವ ಮೊದಲೇ ಆಯಿಲನ್ನು ಬಟ್ಟೆಯಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಸಿಲಿಂಡರ್‌ಗೆ ಇಳಿಯುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿಸುವ ಮುನ್ನ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಅನಿಲವನ್ನು ಹೊರಗೆಳೆಯಲು ಬಿಡುವ ಕವಾಟ) ನೋಡಲೇಬೇಕು. ಬಹಳ ಜನ ಮರೆಯುವುದು ಇದನ್ನೇ. ಅದು ಕಟ್ಟಿಕೊಂಡರೆ ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿ ಹೊಸ ಸೀಲ್ ಕೂಡ ಸೋರುತ್ತದೆ. ತೆರೆದೇ ಸಿಕ್ಕಿಕೊಂಡರೆ ಹೆಚ್ಚುವರಿ ಗಾಳಿ ನುಗ್ಗಿ ಐಡ್ಲಿಂಗ್ (ಕಾರು ನಿಂತಿರುವಾಗ ಎಂಜಿನ್ ಓಡುವ ಬಗೆ) ಕೆಡುತ್ತದೆ. ಎಂಜಿನ್ ಓಡುತ್ತಿರುವಾಗ ವಾಲ್ವನ್ನು ಕವರ್‌ನಿಂದ ಹೊರಗೆಳೆದು ತುದಿಗೆ ಬೆರಳಿಟ್ಟರೆ ಎಳೆತ ಗೊತ್ತಾಗಬೇಕು. ಕೈ ಬೆಲ್ಟ್, ಫ್ಯಾನ್‌ಗಳಿಂದ ದೂರವಿರಲಿ.

ಸೋರಿಕೆಯ ಮೂಲಕ್ಕೆ ತೊಟ್ಟಿಕ್ಕುವ ಜಾಗವನ್ನು ನಂಬಬೇಡಿ. ಜಿಡ್ಡು ತೆಗೆಯುವ ಡಿಗ್ರೀಸರ್‌ನಿಂದ ಎಂಜಿನ್ ತೊಳೆದು, 20–30 ಕಿ.ಮೀ. ಓಡಿಸಿ, ಒದ್ದೆಯಾದ ಅತಿ ಎತ್ತರದ ಜಾಗ ಹುಡುಕಿ. ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿದ್ದರೆ ಬೆಂಕಿಯ ಅಪಾಯವಿದೆ, ರಿಪೇರಿ ಆಗುವವರೆಗೆ ಕಾರನ್ನು ಓಡಿಸಲೇಬೇಡಿ.