ತಾರಸಿ ಕಛೇರಿಯಲ್ಲಿ ಮೈಕು ಕೂಗಿದರೆ

ಪ್ರಶ್ನೆ: ನಮ್ಮದು ನಾಲ್ವರ ಬ್ಯಾಂಡ್. ಬೆಂಗಳೂರಿನಲ್ಲಿ ಮನೆಗಳ ತಾರಸಿ ಮೇಲೆ 40 ಜನರಿಗೆ ಹಾಡುತ್ತೇವೆ. ಮೈಕು ಕಿರ್ರೆನ್ನುತ್ತದೆ, ಗಿಟಾರ್ ಗುಂಯ್‌ಗುಡುತ್ತದೆ. ಏನು ಮಾಡೋಣ?

ಉತ್ತರ: ಕಿರ್ರೆನ್ನುವುದು ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ನುಗ್ಗುವುದರಿಂದ. ಸ್ಪೀಕರುಗಳನ್ನು ಹಾಡುವವರಿಗಿಂತ ಒಂದೂವರೆ ಮೀಟರ್ ಮುಂದಿಟ್ಟು ಕೇಳುಗರ ಕಡೆ ತಿರುಗಿಸಿ. ಹಿಂದೆ ನೀರಿನ ಟ್ಯಾಂಕಿನ ಗೋಡೆಯಿದ್ದರೆ ದಪ್ಪ ಜಮಖಾನ ಇಳಿಬಿಡಿ. ಬಾಯಿ ಮೈಕಿಗೆ ನಾಲ್ಕು ಬೆರಳು ದೂರವಿರಲಿ. ದೂರ ನಿಂತು ವಾಲ್ಯೂಮ್ ಏರಿಸುವುದೇ ಎಲ್ಲರೂ ಮಾಡುವ ತಪ್ಪು.

ಗುಂಯ್ ಸದ್ದಿಗೆ ಹೆಚ್ಚಾಗಿ ಕಾರಣ, ಮಿಕ್ಸರ್ (ಮೈಕು, ಗಿಟಾರುಗಳ ಸದ್ದು ಬೆರೆಸುವ ಪೆಟ್ಟಿಗೆ) ಒಂದು ಕೋಣೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇರುವುದು. ಎಲ್ಲವನ್ನೂ ಒಂದೇ ಪ್ಲಗ್ಗಿನಿಂದ ಎಳೆಯಿರಿ. 6 ಆಂಪಿಯರ್ ಪ್ಲಗ್ 1,300 ವ್ಯಾಟ್‌ವರೆಗೆ ತಡೆಯುತ್ತದೆ, ನಿಮಗೆ ಸಾಕು. ಅರ್ಥ್ ಪಿನ್ ಕಿತ್ತರೆ ಸದ್ದು ನಿಲ್ಲಬಹುದು, ಆದರೆ ಗಿಟಾರ್ ತಂತಿಯೇ ಶಾಕ್ ಹೊಡೆದೀತು. ಖಂಡಿತ ಬೇಡ.

ಡ್ರಮ್ಸ್ ಬದಲು ಕಹೋನ್ (ಮೇಲೆ ಕೂತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಒಯ್ಯಿರಿ. ಪಕ್ಕದ ಮನೆಯವರ ನಿದ್ದೆ ಕೆಡಿಸುವುದು ಡ್ರಮ್ಸೇ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ನಂತರ ಬಯಲಲ್ಲಿ ನಿಷೇಧ. ಸಂಜೆ 6ಕ್ಕೆ ಶುರು ಮಾಡಿ.