ಅವರ ಸರದಿಯಲ್ಲದ ರಾತ್ರಿಗಳು

ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆಯಿದೆ.

37 ವರ್ಷದ ಆ ಸಾಫ್ಟ್‌ವೇರ್ ಎಂಜಿನಿಯರ್ ನನ್ನ ಬಳಿಗೆ ಬಂದದ್ದು ಹೆಂಡತಿಯ ಒತ್ತಾಯಕ್ಕೆ. "ಇವರಿಗೆ ಫೋನಿನ ಚಟ ಹತ್ತಿದೆ, ಹೇಗಾದರೂ ಬಿಡಿಸಿಕೊಡಿ" ಎಂದು ಮೊದಲು ಕರೆ ಮಾಡಿ ಸಮಯ ಕೇಳಿದವರೂ ಆಕೆಯೇ. ಇವರು ಮೂಲತಃ ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಹಣಪಾವತಿ ವ್ಯವಸ್ಥೆಯನ್ನು ನೋಡಿಕೊಳ್ಳುವ ತಂಡದಲ್ಲಿದ್ದಾರೆ. ತಂಡದ ಅರ್ಧದಷ್ಟು ಜನ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ನಾಲ್ಕು ವಾರಕ್ಕೊಮ್ಮೆ ಇವರಿಗೆ ಆನ್‌ಕಾಲ್ ಸರದಿ ಬರುತ್ತದೆ. ಆ ವಾರ ಹಗಲಿರಲಿ ರಾತ್ರಿಯಿರಲಿ, ಸರ್ವರ್ ಕೈಕೊಟ್ಟರೆ ಅಲರ್ಟ್ ಮೊದಲು ಇವರ ಫೋನಿಗೆ ಬರುತ್ತದೆ. ಐದು ನಿಮಿಷದಲ್ಲಿ ಉತ್ತರಿಸದಿದ್ದರೆ ಸೆಕೆಂಡರಿಗೆ, ಅಂದರೆ ಬದಲಿಯಾಗಿ ನಿಂತ ಸಹೋದ್ಯೋಗಿಗೆ, ಅಲ್ಲಿಂದಲೂ ಉತ್ತರ ಬಾರದಿದ್ದರೆ ಮ್ಯಾನೇಜರ್‌ಗೆ ಹೋಗುತ್ತದೆ.

ಮೊದಲ ಭೇಟಿಯಲ್ಲಿ ಅವರು ಫೋನನ್ನು ನನ್ನ ಮೇಜಿನ ಮೇಲೆ ಬೋರಲಾಗಿಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ, ಮಾತಿನ ನಡುವೆಯೇ ಕೈ ತಾನಾಗಿ ಹೋಗಿ ಅದನ್ನು ಅಂಗಾತ ಮಾಡಿತು. ಏನು ನೋಡುತ್ತೀರಿ ಎಂದು ಕೇಳಿದೆ. ರೀಲ್ಸ್ ಅಲ್ಲ, ವಾಟ್ಸ್‌ಆ್ಯಪ್ ಅಲ್ಲ. ಅಲರ್ಟ್ ಆ್ಯಪ್ ಮತ್ತು ತಂಡದ ಚಾಟ್ ಚಾನೆಲ್, ಅಷ್ಟೆ. ಚಟ ಹತ್ತಿದವರಿಗೆ ಫೋನ್ ತೆರೆದಾಗ ಕ್ಷಣಕಾಲದ ಸುಖವಾದರೂ ಸಿಗುತ್ತದೆ. ಇವರಿಗೆ ಸಿಗುತ್ತಿದ್ದುದು "ಸದ್ಯ, ಏನೂ ಆಗಿಲ್ಲ" ಎಂಬ ನಿಟ್ಟುಸಿರು ಮಾತ್ರ, ಅದೂ ಹೆಚ್ಚೆಂದರೆ ಕಾಲು ಗಂಟೆಯ ಮಟ್ಟಿಗೆ.

ಎರಡನೆಯ ಭೇಟಿಯಲ್ಲಿ ಅವರು ಹೇಳಿದ ಪ್ರಸಂಗವೊಂದು ನನಗೆ ದಾರಿ ತೋರಿಸಿತು. ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬಾಳೆಲೆಯ ಮುಂದೆ ಪಂಕ್ತಿಯಲ್ಲಿ ಕುಳಿತಿದ್ದರು. ಹೋಳಿಗೆ ಬಡಿಸಿ, ಅದರ ಮೇಲೆ ತುಪ್ಪ ಹಾಕುವವರು ಇವರಿಗಿಂತ ಎರಡು ಎಲೆ ಆಚೆ ಇದ್ದರು. ಆಗ ಎದುರಿನ ಸಾಲಿನಲ್ಲಿ ಯಾರದೋ ಫೋನ್ ಇವರ ಅಲರ್ಟಿನ ಧ್ವನಿಯಲ್ಲೇ ರಿಂಗಾಯಿತು. ಇವರು ಎದ್ದೇಬಿಟ್ಟರು. ಎಂಜಲು ಕೈಯಲ್ಲೇ ಜಗಲಿಗೆ ಓಡಿ, ಎಡಗೈಯಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದರೆ ಎಲ್ಲವೂ ಹಸಿರು. ಅಸಲಿಗೆ ಅದು ಅವರ ಸರದಿಯ ವಾರವೇ ಆಗಿರಲಿಲ್ಲ. ಹಿರಿಯರೆಲ್ಲ ಕುಳಿತಿರುವಾಗ ಪಂಕ್ತಿಯ ನಡುವೆ ಏಳುವುದೆಂದರೆ ಏನೆಂದು ಆ ಸೀಮೆಯವರಿಗೆ ವಿವರಿಸಬೇಕಿಲ್ಲ. ತಂದೆ ಒಂದು ಮಾತೂ ಆಡಲಿಲ್ಲವಂತೆ. ಅದೇ ಹೆಚ್ಚು ನೋವು ಕೊಟ್ಟಿತೆಂದರು.

ಎರಡು ವಾರ ನಿದ್ರೆಯ ದಿನಚರಿ ಬರೆದು ತರಲು ಹೇಳಿದೆ. ಅದರಲ್ಲಿ ಆನ್‌ಕಾಲ್ ಇದ್ದ ವಾರಕ್ಕೂ ಇಲ್ಲದ ವಾರಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ: ಬಹುತೇಕ ಪ್ರತಿ ರಾತ್ರಿ 3 ಗಂಟೆಯ ಆಸುಪಾಸಿನಲ್ಲಿ ಎಚ್ಚರ, ಆಮೇಲೆ ಬೆಳಗಿನವರೆಗೆ ಹೊರಳಾಟ. ಆ ಗಂಟೆಗೂ ಒಂದು ಕಾರಣವಿತ್ತು. ಇಲ್ಲಿ ನಸುಕಿನ 3 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲವಾದರೆ ಹಿಂದಿನ ದಿನದ ಮಧ್ಯಾಹ್ನ 1.30, ಬೇಸಿಗೆಯಾದರೆ 2.30, ಅಲ್ಲಿನವರು ಊಟ ಮುಗಿಸಿ ಬಂದು ಹೊಸ ಕೋಡನ್ನು ಚಾಲನೆಗೆ ಬಿಡುವ ಹೊತ್ತು.

ಇದು ಶುರುವಾದದ್ದು ಎರಡು ವರ್ಷದ ಹಿಂದಿನ ಒಂದು ರಾತ್ರಿ. ಅವರು ಸಂಜೆ ಮಾಡಿದ್ದ ಸಣ್ಣ ಬದಲಾವಣೆಯಿಂದ ಪಾವತಿಗಳು ಮುಕ್ಕಾಲು ಗಂಟೆ ನಿಂತುಹೋಗಿದ್ದವು. ಫೋನ್ ಪಕ್ಕದ ಕೋಣೆಯಲ್ಲಿ ಚಾರ್ಜಿಗಿತ್ತು, ಅಲರ್ಟ್ ಕೇಳಿಸಲೇ ಇಲ್ಲ. ಆಮೇಲೆ ತಂಡ ಬರೆದ ವರದಿಯಲ್ಲಿ, ಇಂಥ ವರದಿಗಳ ರೂಢಿಯಂತೆ, ಯಾರ ಹೆಸರನ್ನೂ ಎತ್ತದೆ ವ್ಯವಸ್ಥೆಯ ಲೋಪವನ್ನಷ್ಟೇ ಹೇಳಿದ್ದರು. ಆದರೆ ಅಂದಿನಿಂದ ಫೋನ್ ದಿಂಬಿನ ಕೆಳಗೆ ಬಂತು.

"ಇದು ಬರ್ನ್‌ಔಟಾ?" ಎಂದು ಅವರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿದಾಗ ಮೂರು ಲಕ್ಷಣಗಳನ್ನು ಹೆಸರಿಸಿತ್ತು: ಬಳಲಿಕೆ, ಕೆಲಸದ ಬಗ್ಗೆ ದೂರ ಸರಿದ ಅಥವಾ ಕಹಿಯಾದ ಮನಸ್ಸು, ಕುಗ್ಗಿದ ವೃತ್ತಿ ಸಾಮರ್ಥ್ಯ. ಇವರಲ್ಲಿ ಮೊದಲನೆಯದು ಧಾರಾಳವಾಗಿತ್ತು. ಎರಡನೆಯದರ ಸುಳಿವೇ ಇರಲಿಲ್ಲ. ಇವರಿಗೆ ಕೆಲಸ ದೂರವಾಗಿರಲಿಲ್ಲ, ಹಾಸಿಗೆಯವರೆಗೂ ಬಂದಿತ್ತು. ಆದ್ದರಿಂದ ಆ ಪದವನ್ನು ನಾನು ಬಳಸಲಿಲ್ಲ. ಬದುಕು ಬೇಡವೆನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅದು ರಾತ್ರಿ 3 ಗಂಟೆಗೂ ಸಿಗುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಫೋನನ್ನು ಮಲಗುವ ಕೋಣೆಯಿಂದ ಆಚೆ ಇಡಿ ಎಂದು ಎಲ್ಲರಿಗೂ ಹೇಳುವ ಹಾಗೆ ಇವರಿಗೂ ಹೇಳಿದ್ದೆ. ಅವರು ಆ ರಾತ್ರಿ ನಾಲ್ಕು ಸಲ ಎದ್ದು ಹಜಾರಕ್ಕೆ ಹೋಗಿ ನೋಡಿ ಬಂದರು. ಅನಾಹುತವಾದ ದಿನ ಫೋನ್ ಇದ್ದದ್ದೇ ಪಕ್ಕದ ಕೋಣೆಯಲ್ಲಿ ಎಂಬುದು ನನಗೆ ಹೊಳೆಯಬೇಕಿತ್ತು. ಸ್ನೇಹಿತರ ಸಲಹೆಯೂ ಇದೇ ಜಾತಿಯದು: ಸಕಲೇಶಪುರದ ಆಚೆ ನೆಟ್‌ವರ್ಕ್ ಸಿಗದ ಹೋಂಸ್ಟೇಯಲ್ಲಿ ಎರಡು ದಿನ ಇದ್ದು ಬಾ ಎಂದಿದ್ದರು. ಹೋದರು, ಸಿಗ್ನಲ್ ಹುಡುಕಿಕೊಂಡು ಬೆಳಗ್ಗೆ ಸಂಜೆ ಎದುರಿನ ಗುಡ್ಡ ಹತ್ತಿದರು. ಹೆದರಿಕೆ ತಾನೇ ಜತೆಗೆ ಪ್ರಯಾಣ ಮಾಡುವಾಗ ಡಿಜಿಟಲ್ ಉಪವಾಸದ ಪ್ಯಾಕೇಜುಗಳಿಂದ ಲಾಭವಾಗುವುದು ಹೋಂಸ್ಟೇಯವರಿಗೆ.

ಮುಂದೆ ಕೊಟ್ಟ ಸಲಹೆಯ ತಿರುಳು ಇಷ್ಟು. ಅಲರ್ಟಿಗೆಂದೇ ಬೇರೊಂದು ಹಳೆಯ ಫೋನ್ ಇಟ್ಟುಕೊಳ್ಳಬೇಕು, ಅದರ ಧ್ವನಿ ಬೇರೆ ಯಾರ ಫೋನಿನಲ್ಲೂ ಕೇಳಿಸದಂಥದ್ದಾಗಿರಬೇಕು. ಸರದಿಯ ವಾರ ಅದು ಹಾಸಿಗೆಯ ಪಕ್ಕದಲ್ಲೇ ಪೂರ್ತಿ ಧ್ವನಿಯಲ್ಲಿರಲಿ, ಸರದಿ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ ಬೀರುವಿಗೆ ಸೇರಲಿ, ತಮ್ಮ ಫೋನಿನಿಂದ ಆ್ಯಪನ್ನು ತೆಗೆದುಹಾಕಲಿ. ಹಳೆಯ ಧ್ವನಿಯನ್ನು ದಿನಕ್ಕೊಮ್ಮೆ, ಹಗಲಿನಲ್ಲಿ, ಬೇಕೆಂದೇ ಹಾಕಿಕೊಂಡು, ಎದೆಬಡಿತ ತಹಬಂದಿಗೆ ಬರುವವರೆಗೆ ಏನೂ ಮಾಡದೆ ಕುಳಿತಿರಬೇಕು. ಇದು ಕೇಳಲು ವಿಚಿತ್ರ, ಮಾಡಲು ಕಷ್ಟ. ಮೊದಲ ದಿನ ಅವರು ಬೆವೆತರು, ಹನ್ನೆರಡನೆಯ ದಿನ "ಬೋರಾಗುತ್ತಿದೆ" ಎಂದರು. ಅಷ್ಟೇ ಬೇಕಿತ್ತು. ರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷವಾದಂತೆ ತೋರಿದರೆ ಗಡಿಯಾರ ನೋಡದೆ ಎದ್ದು ಬೇರೆಡೆ ಕುಳಿತು, ನಿದ್ರೆ ತೂಗಿದ ಮೇಲಷ್ಟೇ ಹಾಸಿಗೆಗೆ ಮರಳಬೇಕು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಥೈರಾಯ್ಡ್ ಮತ್ತು ಗೊರಕೆಯ ವಿಷಯಕ್ಕೆ ವೈದ್ಯರನ್ನು ಕಾಣಲು ಹೇಳಿದೆ, ದೋಷವೇನೂ ಕಾಣಲಿಲ್ಲ.

ಮ್ಯಾನೇಜರ್ ಜತೆ ಮಾತಾಡಲು ಅವರು ಹಿಂಜರಿದರು, ದೂರಿದಂತಾಗುತ್ತದೆ ಎಂಬ ಅಂಜಿಕೆ. ದೂರಬೇಡಿ, ಲೆಕ್ಕ ಒಯ್ಯಿರಿ ಎಂದೆ. ಒಂದು ಸರದಿಯಲ್ಲಿ ಅವರಿಗೆ ಬಂದ 31 ಅಲರ್ಟುಗಳಲ್ಲಿ ನಿಜವಾಗಿ ಕೈ ಹಾಕಬೇಕಾಗಿ ಬಂದದ್ದು 5. ಉಳಿದವು ತಾವೇ ಸರಿಹೋದವು. ಆ ಹಾಳೆಯನ್ನು ತೋರಿಸಿದ ಮೇಲೆ ಬೆಳಗಿನವರೆಗೆ ಕಾಯಬಹುದಾದವನ್ನು ರಾತ್ರಿ ಕಳಿಸದಂತೆ ತಂಡವೇ ನಿಯಮ ಬದಲಿಸಿತು. ತನ್ನ ದೌರ್ಬಲ್ಯವೆಂದು ಅವರು ಬಚ್ಚಿಟ್ಟದ್ದು ಸರದಿಯಲ್ಲಿದ್ದ ಉಳಿದ ಮೂವರಿಗೂ ಇತ್ತೆಂದು ಆಗ ತಿಳಿಯಿತು.

ಹೆಂಡತಿಯನ್ನು ಒಮ್ಮೆ ಜತೆಗೆ ಕೂರಿಸಿಕೊಂಡೆ. ಚಟವೆಂಬ ಮಾತನ್ನು ಕೈಬಿಡಲು ಆಕೆಗೆ ಹೊತ್ತು ಹಿಡಿಯಿತು; ಎರಡು ವರ್ಷ ಊಟದ ಮೇಜಿನಲ್ಲಿ ಒಬ್ಬರೇ ಮಾತಾಡಿದವರ ಸಿಟ್ಟನ್ನು ವಿವರಣೆಯಿಂದ ಇಳಿಸಲಾಗದು, ನಾನು ಆ ಪ್ರಯತ್ನವನ್ನೂ ಮಾಡಲಿಲ್ಲ. ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಸರದಿಯ ವಾರಗಳನ್ನು ಗುರುತು ಹಾಕಲು ಒಪ್ಪಿಕೊಂಡರು. ಸರದಿ ಮುಗಿದ ದಿನ ಆ ಹಳೆಯ ಫೋನನ್ನು ಬೀರುವಿಗಿಡುವುದು, ಕೀಲಿ ಇಟ್ಟುಕೊಳ್ಳುವುದು ಆಕೆಯ ಕೆಲಸ. ಕೀಲಿಯ ಮಾತು ಬಂದಾಗ ಇಬ್ಬರೂ ಮೊದಲ ಬಾರಿಗೆ ನಕ್ಕರು.

ಹನ್ನೊಂದು ವಾರಗಳಾಗಿವೆ. ಸರದಿಯಿಲ್ಲದ ರಾತ್ರಿಗಳಲ್ಲಿ ಹೆಚ್ಚಾಗಿ ಬೆಳಗಿನ 5.30ರವರೆಗೆ ನಿದ್ರೆ ಮಾಡುತ್ತಾರೆ. ಸರದಿಯ ವಾರ ಈಗಲೂ 3ಕ್ಕೆ ಎಚ್ಚರವಾಗುತ್ತದೆ. ಕೆಲಸ ಬದಲಿಸಲೇ ಎಂದು ಕಳೆದ ಬಾರಿ ಕೇಳಿದರು. ನಿದ್ರೆಗೆಟ್ಟ ವಾರದಲ್ಲಿ ಅದನ್ನು ನಿರ್ಧರಿಸಬೇಡಿ ಎಂದಷ್ಟೇ ಹೇಳಿ, ಮುಂದಿನ ಸರದಿಯ ದಿನಚರಿಯನ್ನು ಬರೆದು ತರಲು ತಿಳಿಸಿದ್ದೇನೆ.